ಬೀದಿಲಿರೋ ಅಜ್ಜಿ ತಾತಂದಿರ ಸ್ನೇಹ ಮಾಡೋದು ಹೇಗೆ

ನಿಮ್ ಏರಿಯಾದಲ್ಲೂ ಒಬ್ರು ಇದ್ದೇ ಇರ್ತಾರೆ. ಮುಚ್ಚಿರೋ ಅಂಗಡಿ ಶಟರ್ ಮುಂದೆನೋ ಬಸ್ ಸ್ಟ್ಯಾಂಡ್ ಕಂಬದ ಪಕ್ಕನೋ ಎರಡ್ಮೂರು ಸೀರೆ ಒಂದರ ಮೇಲೊಂದು ಸುತ್ಕೊಂಡು, ಪ್ಲಾಸ್ಟಿಕ್ ಕವರಿನ ಗಂಟು ತಬ್ಕೊಂಡು ಯಾರ್ಗೋ ಬೈತಾ ಕೂತಿರ್ತಾರೆ, ಬೈಸ್ಕೊಳ್ತಿರೋರು ಮಾತ್ರ ನಮ್ ಕಣ್ಣಿಗೆ ಕಾಣಲ್ಲ. ದಿನಾ ನೋಡ್ತೀವಿ, ಪಾಪ ಅನ್ಸುತ್ತೆ, ಹತ್ರ ಹೋಗಕ್ಕೆ ಭಯ. ಹೋಗ್ಬೇಕು ಅನ್ನೋ ಮನಸ್ಸಿದ್ರೆ ಒಂದು ತಲೇಲಿಟ್ಕೊಳ್ಳಿ, ಮೊದ್ಲು ಪರಿಚಯ, ಉಪಕಾರ ಎಲ್ಲಾ ಆಮೇಲೆ.

ಸೀದಾ ಅವ್ರ ಹತ್ರ ಹೋಗೋಕ್ಮುಂಚೆ ಪಕ್ಕದ ಟೀ ಅಂಗಡಿಯವ್ರನ್ನ, ಹೂ ಮಾರೋರನ್ನ, ಬೆಳಿಗ್ಗೆ ಕಸ ಗುಡಿಸೋ ಪೌರಕಾರ್ಮಿಕರನ್ನ, ಎಟಿಎಂ ಸೆಕ್ಯುರಿಟಿಯವ್ರನ್ನ ಮಾತಾಡ್ಸಿ. ಯಾವಾಗಿಂದ ಇದಾರೆ, ಏನ್ ತಿಂತಾರೆ, ಯಾವ ಹೊತ್ತಲ್ಲಿ ಸಿಟ್ಟು ಜಾಸ್ತಿ, ಯಾರನ್ನ ಕಂಡ್ರೆ ಕಲ್ಲು ತಗೋತಾರೆ, ಎಲ್ಲಾ ಅವ್ರಿಗೆ ಗೊತ್ತಿರುತ್ತೆ. ಎಷ್ಟೋ ಕಡೆ ಯಾರೋ ಒಬ್ರು ಆಗ್ಲೇ ದಿನಾ ಎರಡು ಇಡ್ಲಿ ಕೊಡ್ತಾ ಇರ್ತಾರೆ, ಅಂಥವ್ರೇ ನಿಮ್ಮನ್ನ ಪರಿಚಯ ಮಾಡ್ಕೊಟ್ರೆ ಅರ್ಧ ಕೆಲ್ಸ ಆದಂಗೆ.

ಹೋದಾಗ ಮೇಲಿಂದ ಬಗ್ಗಿ ನೋಡ್ಬೇಡಿ. ಎರಡು ಮೊಳ ದೂರದಲ್ಲಿ, ಅವ್ರಿಗೆ ಎದ್ದು ಹೋಗಕ್ಕೆ ದಾರಿ ಬಿಟ್ಟು, ಒಂಚೂರು ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂತ್ಕೊಳ್ಳಿ. "ಊಟ ಆಯ್ತಾ ಅಜ್ಜಿ" ಅಂತ ಕೇಳಿದ್ರೆ ಸಾಕು. ಹೆಸರೇನು, ಊರ್ಯಾವ್ದು, ಮಕ್ಳೆಲ್ಲಿ ಅಂತ ಶುರು ಹಚ್ಕೊಂಡ್ರೆ ಪೊಲೀಸ್ನೋರ ಥರ ಆಗುತ್ತೆ. ಉತ್ರ ಬರ್ಲಿಲ್ಲ ಅಂದ್ರೆ ಸುಮ್ನೆ ಐದು ನಿಮಿಷ ಕೂತು "ನಾಳೆ ಬರ್ತೀನಿ" ಅಂತ ಹೇಳಿ ಎದ್ದು ಬನ್ನಿ, ನಾಳೆ ಅದೇ ಹೊತ್ತಿಗೆ ನಿಜವಾಗ್ಲೂ ಹೋಗಿ. ಭಾನುವಾರ ಮಾತ್ರ ಆಗೋದಾದ್ರೆ ಭಾನುವಾರ ಅಂತ್ಲೇ ಹೇಳಿ. ಅವ್ರಿಗೆ ಕಿವಿ ಮಂದ ಇರ್ಬಹುದು ಅನ್ನೋದೂ ನೆನಪಿರ್ಲಿ, ಕೇಳಿಸ್ದೆ ಇದ್ದಿದ್ದಕ್ಕೆ ಉತ್ರ ಕೊಡ್ದಿದ್ರೂ ಜನ ತಲೆ ಕೆಟ್ಟಿದೆ ಅಂತಾನೇ ಅಂದ್ಕೋತಾರೆ.

ತಿನ್ನೋದು ಕೊಡೋದ್ರಲ್ಲಿ ಒಂದು ಸೂಕ್ಷ್ಮ ಇದೆ. ಯಾರೋ ವಿಷ ಹಾಕ್ತಾರೆ ಅನ್ನೋ ಭಯ ಈ ಥರ ಮಾನಸಿಕ ಕಾಯಿಲೆ ಇರೋ ಎಷ್ಟೋ ಜನಕ್ಕೆ ಇರುತ್ತೆ, ನೀವು ಮನೆಯಿಂದ ಪ್ರೀತಿಯಿಂದ ಕಟ್ಕೊಂಡ್ ಹೋದ ಚಿತ್ರಾನ್ನ ಮುಖಕ್ಕೇ ಎಸೀಬಹುದು. ಅದಕ್ಕೆ ಸಿಪ್ಪೆ ಇರೋ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಸಿಪ್ಪೆ ಸಮೇತ, ಒಡೀದೆ ಇರೋ ಬಿಸ್ಕೆಟ್ ಪ್ಯಾಕೆಟ್ಟು, ಸೀಲ್ ಇರೋ ನೀರಿನ ಬಾಟ್ಲು. ಟೀ ಆದ್ರೆ ಅವ್ರ ಕಣ್ಣೆದುರೇ ಎರಡು ತಗೊಂಡು ಯಾವ್ದು ಬೇಕೋ ಅವ್ರೇ ಆರಿಸ್ಲಿ, ಉಳಿದಿದ್ದು ನೀವು ಕುಡೀರಿ. ನಮ್ಮೂರು ಮೈಸೂರಲ್ಲಿ ನಾನು ಮಾತಾಡ್ಸೋ ಒಬ್ಬ ಅಜ್ಜಿ ಬಾಳೆಹಣ್ಣನ್ನ ಮೊದ್ಲು ಬೆರಳಲ್ಲಿ ಸುತ್ತಾ ತಿರುಗಿಸಿ, ಸಿಪ್ಪೇಲಿ ತೂತಿದೆಯಾ ಅಂತ ತೊಟ್ಟಿನ ತನಕ ನೋಡಿ, ಗಂಟೊಳಗೆ ಇಟ್ಕೊಂಡು, ನಾನು ಆ ಕಡೆ ಹೋದ್ಮೇಲೇ ತಿನ್ನೋರು. ಹಲ್ಲಿಲ್ದೋರಿಗೆ ಒಣ ಚಪಾತಿ ಕೊಡ್ಬೇಡಿ, ಮೆತ್ತಗಿರೋ ಇಡ್ಲಿ, ಅನ್ನ ಸಾರು ಸರಿ. ತುಂಬಾ ದಿನದಿಂದ ಹಸ್ಕೊಂಡಿರೋ ಹಾಗೆ ಕಂಡ್ರೆ ಒಂದೇ ಸಲ ಹೊಟ್ಟೆ ಬಿರಿಯೋ ಹಂಗೆ ತಿನ್ನಿಸ್ಬೇಡಿ, ದೇಹ ತಡ್ಕೊಳ್ಳಲ್ಲ, ಸ್ವಲ್ಪ ಸ್ವಲ್ಪ ಕೊಟ್ಟು ಆದಷ್ಟು ಬೇಗ ಡಾಕ್ಟ್ರಿಗೆ ತೋರ್ಸಿ.

ದುಡ್ಡು ಬೇಡ, ರಾತ್ರಿ ಯಾರಾದ್ರೂ ಕಿತ್ಕೋತಾರೆ. ಹೊಸ ಕಂಬಳೀನೂ ಹಂಗೇ ಹೋಗುತ್ತೆ, ಹಳೇದು ಒಗೆದು ಕೊಡಿ. ಚಪ್ಪಲಿ ಒಂದು ಸೈಜ್ ದೊಡ್ದಿರ್ಲಿ, ಕಾಲು ಊದಿರುತ್ತೆ.

ಗಂಟು ಮುಟ್ಟಲೇಬೇಡಿ. ನಿಮ್ಗೆ ಕಸ, ಅವ್ರಿಗೆ ಅದೇ ಮನೆ. ಸ್ನಾನಕ್ಕೆ ಒಪ್ಪದೇ ಇರೋದಕ್ಕೂ ಎಷ್ಟೋ ಸಲ ಇದೇ ಕಾರಣ, ಒಳಗೆ ಹೋದ್ರೆ ಗಂಟು ಯಾರು ನೋಡ್ಕೋತಾರೆ? ಕೆಲವು ಹೆಂಗಸ್ರಿಗಂತೂ ಕೊಳಕಾಗಿರೋದೇ ರಾತ್ರಿ ಹೊತ್ತು ಕಾವಲು. ಹತ್ರ ಸುಲಭ ಶೌಚಾಲಯ ಇದ್ರೆ ಅಲ್ಲಿ ಕೂರೋರ ಕೈಲಿ ಮುಂಚೇನೇ ದುಡ್ಡು ಕೊಟ್ಟು, ಗಂಟನ್ನೂ ಒಳಗೆ ಬಿಡಿ ಅಂತ ಹೇಳಿಟ್ರೆ ಒಂದಿನ ಅವ್ರೇ ಹೋಗ್ಬಹುದು. ಗಂಡಸ್ರು ಅಜ್ಜೀನ ಮಾತಾಡ್ಸೋದಾದ್ರೆ ಮನೆ ಹೆಂಗಸ್ರು ಒಬ್ರನ್ನ ಜೊತೇಲಿ ಕರ್ಕೊಂಡ್ ಹೋಗಿ.

ಇಲ್ಲೊಂದು ಮಾತು ಹೇಳ್ಲೇಬೇಕು. ಈಗ ಯಾವ ರೀಲ್ಸ್ ತೆಗೆದ್ರೂ ಯಾವ್ದೋ ತಾತನ್ನ ಹಿಡ್ಕೊಂಡ್ ಬಂದು ಗಡ್ಡ ಬೋಳಿಸಿ, ಪೈಪಲ್ಲಿ ನೀರ್ ಬಿಟ್ಟು, ಹೊಸ ಪಂಚೆ ಉಡಿಸಿ, ಹಿಂದೆ ಒಂದು ಮ್ಯೂಸಿಕ್ ಹಾಕೋದು. ಆ ತಾತ ನಡುಗ್ತಾ ಇರೋದು ಯಾರ್ಗೂ ಕಾಣಲ್ವಾ? ಕೇಳ್ದೆ ಒಬ್ರ ತಲೆ ಬೋಳಿಸೋದು ಸೇವೆ ಅಂತ ನಂಗೆ ಯಾವತ್ತೂ ಅನ್ಸಿಲ್ಲ. ಫೋನ್ ಜೇಬಲ್ಲೇ ಇರ್ಲಿ.

"ನನ್ ಮಗ ಡೀಸಿ, ಇವತ್ತು ಕಾರ್ ಕಳಿಸ್ತಾನೆ" ಅಂತಾರೆ ಅಂದ್ಕೊಳ್ಳಿ. ಎಲ್ಲಿದಾನೆ ಮಗ ಅಂತ ವಾದ ಮಾಡಿದ್ರೆ ನೀವೂ ಶತ್ರು ಪಾರ್ಟಿ, ಹೌದು ಬರ್ತಾನೆ ಅಂದ್ರೆ ಸುಳ್ಳು. "ಕಾದು ಕಾದು ಸುಸ್ತಾಗಿರ್ಬೇಕಲ್ವಾ ಅಜ್ಜಿ" ಅಂದ್ರೆ ಮಾತು ಮುಂದುವರಿಯುತ್ತೆ. ಮಧ್ಯದಲ್ಲಿ ಮನೆ ದೇವ್ರ ಹೆಸ್ರು, ಜಾತ್ರೆ, ಹೊಳೆ, ಊರಿನ ಬಸ್ಸು ಏನಾದ್ರೂ ಬಂದ್ರೆ, ಮಾತಿನ ಧಾಟಿ ಧಾರವಾಡದ್ದಾ ಕುಂದಾಪುರದ್ದಾ ಅನ್ನೋದು ಗೊತ್ತಾದ್ರೆ ಮನೆಗೆ ಬಂದು ಬರೆದಿಟ್ಕೊಳ್ಳಿ, ಮುಂದೆ ಮನೆಯವ್ರನ್ನ ಹುಡುಕೋಕೆ ಇವೇ ದಾರಿ. ಆದ್ರೆ ವಾಟ್ಸಾಪ್ ಗ್ರೂಪಿಗೆಲ್ಲಾ ಹಾಕ್ಬೇಡಿ, ಮನೇಲಿ ಹೊಡೀತಾರೆ ಅಂತಾನೇ ಓಡಿ ಬಂದಿದ್ರೆ? ಸಿಟ್ಟಾಗಿ ಕೂಗಾಡಿದ್ರೆ ಅಥವಾ ಕೈಯೆತ್ತಿದ್ರೆ ಸಮಾಧಾನ ಮಾಡಕ್ಕೆ ಹೋಗ್ದೆ ನಿಧಾನಕ್ಕೆ ಎದ್ದು ಬಂದ್ಬಿಡಿ.

ಟ್ರೀಟ್ಮೆಂಟ್ ವಿಷ್ಯ. 14416 ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ನಂಬರ್ರು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ಅಜ್ಜಿ ಪರವಾಗಿ ನೀವೇ ಫೋನ್ ಮಾಡಿ ಹೆಂಗೆ ಮುಂದುವರೀಬೇಕು ಅಂತ ಕೇಳ್ಬಹುದು. ವಯಸ್ಸಾದವ್ರಿಗೆ ಅಂತಾನೇ 14567 ಎಲ್ಡರ್ ಲೈನ್ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮನೆ ಇಲ್ದೋರಿಗೆ ಸರ್ಕಾರಿ ಕಡೆ ಟ್ರೀಟ್ಮೆಂಟ್ ಉಚಿತ, ಬಿಪಿಎಲ್ ಕಾರ್ಡ್ ಇಲ್ಲ ಅಂತ ವಾಪಸ್ ಕಳ್ಸಂಗಿಲ್ಲ. ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್, ನಮ್ಮಲ್ಲಿ ಕೆ.ಆರ್. ಆಸ್ಪತ್ರೆ, ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಯೋಜನೇಲಿ ಮಂಗಳವಾರದ ಹೊತ್ತು ಮನೋವೈದ್ಯರು ಬರೋ ವ್ಯವಸ್ಥೆ ಇದೆ, ನಿಮ್ಮೂರಲ್ಲಿ ಯಾವಾಗ ಅಂತ ಕೇಳ್ಕೊಳ್ಳಿ. ದಿನಾ ಮಾತ್ರೆ ನುಂಗಿಸೋದು ಬೀದೀಲಿ ಆಗೋ ಮಾತಲ್ಲ, ಕೆಲವ್ರಿಗೆ ತಿಂಗಳಿಗೊಂದರ ಥರ ಇಂಜೆಕ್ಷನ್ ಇರುತ್ತೆ, ಡಾಕ್ಟ್ರನ್ನ ವಿಚಾರಿಸಿ.

ತಮ್ಮನ್ನ ತಾವು ನೋಡ್ಕೊಳ್ಳೋ ಸ್ಥಿತೀಲೇ ಇಲ್ಲ ಅಂದ್ರೆ ಅದೇ ಕಾಯ್ದೆ ಪ್ರಕಾರ ಪೊಲೀಸ್ನೋರಿಗೆ ಜವಾಬ್ದಾರಿ ಇದೆ, 24 ಗಂಟೆ ಒಳಗೆ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು, ಲಾಕಪ್ಪಿಗೆ ಹಾಕೋ ಹಾಗಿಲ್ಲ, ಮನೆಯವ್ರನ್ನ ಪತ್ತೆ ಹಚ್ಚಕ್ಕೆ ನಾಪತ್ತೆ ಎಫ್ಐಆರ್ ಹಾಕ್ಬೇಕು. ಸ್ಟೇಷನ್ನಲ್ಲಿ ಎಲ್ರಿಗೂ ಇದು ಗೊತ್ತಿರುತ್ತೆ ಅಂತೇನಿಲ್ಲ, ನೀವು ಮರ್ಯಾದೆಯಿಂದ್ಲೇ ನೆನಪು ಮಾಡಿ. ಬಾ ಊರಿಗೆ ಹೋಗೋಣ ಅಂತ ಸುಳ್ಳು ಹೇಳಿ ಗಾಡಿ ಹತ್ತಿಸ್ಬೇಡಿ, ಆಸ್ಪತ್ರೆ ಅಂದ್ರೆ ಆಸ್ಪತ್ರೆ ಅಂತ್ಲೇ ಹೇಳಿ, ಜೊತೇಲಿ ಹೋಗಿ, ಗಂಟೂ ಬರ್ಲಿ.

ಎಲ್ಲಕ್ಕಿಂತ ಅರ್ಜೆಂಟ್ ಯಾವ್ದು ಅಂದ್ರೆ, ನಿನ್ನೆ ಮೊನ್ನೆ ತನಕ ಗುರುತು ಹಿಡೀತಿದ್ದವ್ರು ದಿಢೀರ್ ಅಂತ ಮಂಕಾಗಿ, ತೂಕಡಿಸಿ, ಏನೇನೋ ಬಡಬಡಿಸೋದು. ಹಳೇ ಕಾಯಿಲೆನೇ ಜಾಸ್ತಿ ಆಯ್ತು ಅಂತ ಬಿಟ್ಬಿಡ್ತಾರೆ ಜನ. ವಯಸ್ಸಾದವ್ರಿಗೆ ಉರಿಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಕಮ್ಮಿ ಆಗೋದು, ಬಿದ್ದು ತಲೆಗೆ ಪೆಟ್ಟಾಗಿರೋದು, ಇದ್ರಿಂದ್ಲೂ ಹಿಂಗಾಗುತ್ತೆ, 108ಕ್ಕೆ ಫೋನ್ ಮಾಡಿ. ಗಾಯದಲ್ಲಿ ಹುಳ ಕಂಡ್ರೂ ಆಸ್ಪತ್ರೆನೇ, ಸೀಮೆಎಣ್ಣೆ ಸುರಿಯೋದೆಲ್ಲಾ ಬೇಡ.

ಊರು ಬಿಡೋದಿದ್ರೆ, ಮನೆ ಶಿಫ್ಟ್ ಮಾಡೋದಿದ್ರೆ ಹೇಳದೆ ಮಾಯ ಆಗ್ಬೇಡಿ. ಒಂದೆರಡು ವಾರ ಮುಂಚೆಯಿಂದ ಇನ್ನೊಬ್ರನ್ನ ಜೊತೇಲಿ ಕೂರಿಸ್ಕೊಳ್ಳಿ, ಎರಡು ಟೀ ಇದ್ದಿದ್ದು ಮೂರಾಗ್ಲಿ, ನಿಮ್ ನಂಬರ್ ಟೀ ಅಂಗಡಿಯವ್ರ ಹತ್ರ ಬರೆದು ಕೊಟ್ಟಿರಿ.