ಬೆಕ್ಕಿನ ಇನ್ಸುಲಿನ್: ಕಾಲು ಯೂನಿಟ್ಟನ್ನು ನಾನು ಅಳೆಯುವ ಬಗೆ

ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್ನಿನಲ್ಲಿ ಒಂದು ಯೂನಿಟ್ ಎಂದರೆ ಮಿಲಿಲೀಟರಿನ ನೂರರಲ್ಲೊಂದು ಪಾಲು. ತೂಕದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ 10 ಮಿಲಿಗ್ರಾಂ. ಅದರ ಕಾಲು ಭಾಗ ಸೂಜಿಯ ತುದಿಯಲ್ಲಿ ಹನಿಯಾಗಿ ನಿಂತರೆ ಒಂದು ಸಾಸಿವೆ ಕಾಳಿನಷ್ಟಿರುತ್ತದೆ. ದಿನಕ್ಕೆ 30–40 ಯೂನಿಟ್ ತೆಗೆದುಕೊಳ್ಳುವ ಮನುಷ್ಯರಿಗೆ ಈ ಸಾಸಿವೆ ಕಾಳು ಲೆಕ್ಕಕ್ಕೇ ಬರುವುದಿಲ್ಲ. ಸಕ್ಕರೆ ಕಾಯಿಲೆಯಿರುವ ನಮ್ಮ ಕೆಂಚನಂಥ, ಐದು ಕಿಲೋ ತೂಗುವ, ಹನ್ನೆರಡು ಗಂಟೆಗೊಮ್ಮೆ ಗ್ಲಾರ್ಜಿನ್ ಎಂಬ ಇನ್ಸುಲಿನ್ನನ್ನು ಒಂದು ಯೂನಿಟ್ ಪಡೆಯುವ ಬೆಕ್ಕಿಗೆ ಅದು ಡೋಸಿನ ಕಾಲು ಪಾಲಾಗುತ್ತದೆ. ಮನೆಯಲ್ಲೇ ರಕ್ತದ ಸಕ್ಕರೆ ನೋಡಿಕೊಂಡು ಗ್ಲಾರ್ಜಿನ್ ಡೋಸನ್ನು ಸ್ವಲ್ಪಸ್ವಲ್ಪವಾಗಿ ಹೊಂದಿಸುವ ಕ್ರಮವನ್ನು ಸಂಶೋಧಕರಾದ ಕರ್ಸ್ಟಿನ್ ರೂಂಪ್ ಮತ್ತು ಜಾಕಿ ರ‍್ಯಾಂಡ್ 2009ರಲ್ಲಿ ಪ್ರಕಟಿಸಿದ ಮೇಲೆ, ಬೆಕ್ಕುಗಳ ಡೋಸನ್ನು ಕಾಲು ಅಥವಾ ಅರ್ಧ ಯೂನಿಟ್ಟಿನ ಹೆಜ್ಜೆಗಳಲ್ಲಿ ಏರಿಸಿ ಇಳಿಸುವುದು ಬಹಳ ಕಡೆ ರೂಢಿಯಾಗಿದೆ. ಕಾಗದದ ಮೇಲೆ 0.75 ಎಂದು ಬರೆಯುವುದು ಸುಲಭ. ಅದನ್ನು ಸಿರಿಂಜಿನೊಳಗೆ ತರುವ ಕೆಲಸ ಬೆಕ್ಕು ಸಾಕಿದವರಿಗೆ ಉಳಿಯುತ್ತದೆ.

ನಾನು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಬ್ಯೂರೆಟ್ಟಿನ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ ಎಂದು ವರ್ಷವಿಡೀ ಹುಡುಗರಿಗೆ ಹೇಳುವವನಿಗೆ ಸಿರಿಂಜಿನ ಗೆರೆ ಕಷ್ಟವಾಗಲಾರದು ಎಂದು ಪಶುವೈದ್ಯರೂ ಅಂದುಕೊಂಡಿದ್ದರು. "ಮೇಷ್ಟ್ರೇ, ಅಳತೆಯ ವಿಷಯ ನಿಮಗೇ ಬಿಟ್ಟಿದ್ದೇನೆ, ಆದರೆ ಸಿರಿಂಜು ಮಾತ್ರ ನಾನು ಬರೆದದ್ದನ್ನೇ ತನ್ನಿ" ಎಂದು ಅವರು ಚೀಟಿಯಲ್ಲಿ ಸಿರಿಂಜಿನ ಹೆಸರಿನ ಕೆಳಗೆ ಎರಡು ಗೆರೆ ಎಳೆದು ಕೊಟ್ಟರು.

ಆ ಎರಡು ಗೆರೆಗೆ ಕಾರಣವಿದೆ. ನಮ್ಮ ಕಡೆಯ ಔಷಧಿ ಅಂಗಡಿಗಳಲ್ಲಿ ಇನ್ಸುಲಿನ್ ಸಿರಿಂಜು ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಕೆಂಪು ಮುಚ್ಚಳದ, 40 ಗೆರೆಗಳ, ಒಂದು ಮಿಲಿಲೀಟರಿನ ಯು-40 ಸಿರಿಂಜು. ಮಿಲಿಲೀಟರಿಗೆ 40 ಯೂನಿಟ್ ಇರುವ ಸಾದಾ ಇನ್ಸುಲಿನ್ ಬಾಟಲಿಗಳು ಇಲ್ಲಿ ಇಂದಿಗೂ ಮಾರಾಟವಾಗುವುದರಿಂದ ಅಂಗಡಿಯವರ ದೃಷ್ಟಿಯಲ್ಲಿ ಅದು ಸರಿಯೇ. ಗ್ಲಾರ್ಜಿನ್ ಮಾತ್ರ, ಅದು ಲ್ಯಾಂಟಸ್ ಆಗಿರಲಿ, ಬೆಂಗಳೂರಿನ ಬಯೋಕಾನಿನ ಬೇಸಲಾಗ್ ಆಗಿರಲಿ, ಮಿಲಿಲೀಟರಿಗೆ 100 ಯೂನಿಟ್ಟಿನದು. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಒಂದು ಗೆರೆಯಷ್ಟು ಎಳೆದರೆ ಒಳಗೆ ಬರುವುದು ಎರಡೂವರೆ ಯೂನಿಟ್. ಮನುಷ್ಯರಲ್ಲೂ ಅಪಾಯಕಾರಿಯಾದ ಈ ಅದಲುಬದಲು ಬೆಕ್ಕಿನ ಪ್ರಾಣಕ್ಕೇ ಕುತ್ತು ತರಬಲ್ಲದು. ಆದ್ದರಿಂದ ನಮ್ಮ ಮನೆಯಲ್ಲಿ ಕಿತ್ತಳೆ ಮುಚ್ಚಳದ ಯು-100 ಸಿರಿಂಜುಗಳ ಹೊರತು ಬೇರೆ ಬಗೆಯದು ಒಂದೂ ಇಲ್ಲ. ಅತ್ತೆಯವರ ಇನ್ಸುಲಿನ್ ಸಾಮಗ್ರಿ ಬೇರೆ ಕೋಣೆಯಲ್ಲಿ, ಬೇರೆ ಡಬ್ಬಿಯಲ್ಲಿ ಇರುತ್ತದೆ.

ಯು-100 ಆದರೆ ಸಾಲದು, ಕೊಳವೆ ಸಣ್ಣದಾಗಿರಬೇಕು. ಒಂದು ಮಿಲಿಲೀಟರಿನ ಯು-100 ಸಿರಿಂಜಿನಲ್ಲಿ ಗೆರೆಗಳು ಎರಡೆರಡು ಯೂನಿಟ್ಟಿಗೆ ಒಂದರಂತೆ ಇರುತ್ತವೆ. ಒಂದು ಯೂನಿಟ್ ಎಂದರೆ ಪ್ಲಂಜರ್ (ಕೊಳವೆಯೊಳಗೆ ಎಳೆದು ತಳ್ಳುವ ಕಡ್ಡಿ) ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಸರಿಯುವುದು ಅಷ್ಟೆ. ಅದರಿಂದ ಬೆಕ್ಕಿನ ಡೋಸ್ ಅಳೆಯಲು ಹೊರಡುವುದೇ ತಪ್ಪು. 0.3 ಮಿಲಿಲೀಟರಿನ, ಅರ್ಧ ಯೂನಿಟ್ಟಿನ ಗೆರೆಗಳಿರುವ ಸಿರಿಂಜು ಬೇಕು. ಅದು ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ, ಮೊದಲೇ ಹೇಳಿ ತರಿಸಬೇಕಾಗುತ್ತದೆ. ನಾನು ಬಳಸುವ ಸಿರಿಂಜಿನಲ್ಲಿ ಸೊನ್ನೆಯಿಂದ 30ರವರೆಗೆ ಸುಮಾರು 42 ಮಿಲಿಮೀಟರ್ ಇದೆ. ಹಾಗೆಂದರೆ ಯೂನಿಟ್ಟಿಗೆ 1.4 ಮಿ.ಮೀ., ಕಾಲು ಯೂನಿಟ್ಟಿಗೆ 0.35 ಮಿ.ಮೀ. ಅಚ್ಚಾದ ಗೆರೆಯ ದಪ್ಪವೇ ಅದಕ್ಕೆ ಹತ್ತಿರವಿರುವುದರಿಂದ ಪ್ಲಂಜರಿನ ತುದಿಯ ರಬ್ಬರಿನ ಅಂಚು ಗೆರೆಯ ಮೇಲ್ಬದಿಗೆ ತಾಗಿದೆಯೋ ಕೆಳಬದಿಗೆ ತಾಗಿದೆಯೋ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಈ ಅಂಕಿಗಳನ್ನು ಕಂಡ ಮೇಲೆ, ನನ್ನ ಕೈಯಿಂದ ನಿಜವಾಗಿ ಎಷ್ಟು ಹೊರಬರುತ್ತಿದೆ ಎಂದು ತೂಗಿ ನೋಡಬೇಕೆನಿಸಿತು. ನಮ್ಮ ಪ್ರಯೋಗಾಲಯದ ಅನಲಿಟಿಕಲ್ ಬ್ಯಾಲೆನ್ಸು ಮಿಲಿಗ್ರಾಮಿನ ಹತ್ತರಲ್ಲೊಂದು ಭಾಗದವರೆಗೆ ತೋರಿಸುತ್ತದೆ. ಇನ್ಸುಲಿನ್ ಹಾಳುಮಾಡದೆ ಬಟ್ಟಿ ಇಳಿಸಿದ ನೀರನ್ನೇ ಸಿರಿಂಜಿಗೆ ಎಳೆದು, ಪುಟ್ಟ ಗಾಜಿನ ಬಾಟಲಿಗೆ ಬಿಟ್ಟು ತೂಗತೊಡಗಿದೆ. ಬರಿಯ ಗಾಜಿನ ಮೇಲೆ ಬಿದ್ದ ಹನಿ ಕಣ್ಣೆದುರಿಗೇ ಆವಿಯಾಗುತ್ತಾ ಹೋಗಿ, ಕೊನೆಯ ಅಂಕಿ ನಿಲ್ಲದೆ ಇಳಿಯುತ್ತಿತ್ತು. ಬಾಟಲಿಯ ತಳಕ್ಕೆ ಲಿಕ್ವಿಡ್ ಪ್ಯಾರಫಿನ್ ಹಾಕಿ, ಸೂಜಿಯ ತುದಿಯನ್ನು ಎಣ್ಣೆಯೊಳಗೆ ಇಳಿಸಿ ನೀರು ಬಿಟ್ಟಾಗ ಹನಿ ಎಣ್ಣೆಯಡಿ ಗುಂಡಗೆ ಕುಳಿತು ಅಂಕಿ ನಿಂತಿತು. ಪ್ರಯೋಗಾಲಯದ ಸಹಾಯಕರು ಪಕ್ಕದಲ್ಲಿ ನಿಂತು, "ಸಾರ್, ಇದು ಬೆಕ್ಕಿಗಾ?" ಎಂದು ನಗುತ್ತಲೇ ಅಂಕಿಗಳನ್ನು ಬರೆದುಕೊಟ್ಟರು.

ಒಂದು ಯೂನಿಟ್ ಎಂದು ನಾನು ಎಳೆದದ್ದು 10 ಮಿಲಿಗ್ರಾಂ ತೂಗಬೇಕಾದ ಕಡೆ 10ರಿಂದ 12ರ ನಡುವೆ ಓಡಾಡುತ್ತಿತ್ತು. ಅರ್ಧ ಯೂನಿಟ್ಟಿನಲ್ಲಿ 5 ಇರಬೇಕಾದಲ್ಲಿ 4ರಿಂದ 7ರವರೆಗೂ ಹರಡಿಕೊಂಡಿತ್ತು. ಇಲ್ಲಿ ಎರಡು ಬಗೆಯ ದೋಷ ಸೇರಿಕೊಂಡಿದೆ. ಸರಾಸರಿಯಲ್ಲಿ ಒಂದಿಷ್ಟು ಹೆಚ್ಚೇ ಬರುವುದು ಒಂದು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗುವುದು ಇನ್ನೊಂದು. ಮೊದಲನೆಯದರ ಬಗ್ಗೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ, ಏಕೆಂದರೆ ವೈದ್ಯರು ಕೆಂಚನ ರಕ್ತದ ಸಕ್ಕರೆಯನ್ನು ನೋಡಿ ಡೋಸನ್ನು ತೀರ್ಮಾನಿಸುತ್ತಾರೆ; ನನ್ನ ಒಂದು ಯೂನಿಟ್ ನಿಜಕ್ಕೂ 1.1 ಆಗಿದ್ದರೂ ಅದು ದಿನವೂ 1.1 ಆಗಿರುವವರೆಗೆ ಅವರ ತೀರ್ಮಾನಕ್ಕೆ ಧಕ್ಕೆಯಿಲ್ಲ. ಎರಡನೆಯದು ಹಾಗಲ್ಲ. ಬೆಳಿಗ್ಗೆ 0.8, ಸಂಜೆ 1.2 ಹೋದರೆ ಸಕ್ಕರೆಯ ಏರಿಳಿತಕ್ಕೆ ಕಾರಣ ಕಾಯಿಲೆಯೋ, ಆಹಾರವೋ, ನನ್ನ ಹೆಬ್ಬೆರಳೋ ಎಂದು ಯಾರಿಂದಲೂ ಹೇಳಲಾಗದು. ಹಾಗಾಗಿ ಅಳತೆ ಪ್ರತಿಸಲವೂ ಒಂದೇ ಆಗುವಂತೆ ಮಾಡುವುದಕ್ಕೇ ನನ್ನ ಗಮನವೆಲ್ಲ ಹೋಯಿತು.

ಅದಕ್ಕೆ ಮೊದಲ ಶತ್ರು ಗಾಳಿಗುಳ್ಳೆ. ಚರ್ಮದ ಕೆಳಗೆ ಹೋದ ಸಣ್ಣ ಗುಳ್ಳೆಯಿಂದ ಬೆಕ್ಕಿಗೆ ತೊಂದರೆಯಿಲ್ಲ, ಆದರೆ ಸಾಸಿವೆ ಕಾಳಿನಷ್ಟು ಗುಳ್ಳೆ ಇದ್ದರೆ ಅಷ್ಟೇ ಇನ್ಸುಲಿನ್ ಕಡಿಮೆಯಾಯಿತು ಎಂದರ್ಥ. ಹೊಸ ಸಿರಿಂಜಿನ ಪ್ಲಂಜರನ್ನು ಒಮ್ಮೆ ಹಿಂದೆಮುಂದೆ ಆಡಿಸಿ ಅದರ ಬಿಗಿ ಬಿಡಿಸುತ್ತೇನೆ. ಬಾಟಲಿಯನ್ನು ತಲೆಕೆಳಗಾಗಿ ಹಿಡಿದು ನಿಧಾನವಾಗಿ ನಾಲ್ಕೈದು ಯೂನಿಟ್ಟಿನಷ್ಟು ಎಳೆದು, ಬೆರಳಿನಿಂದ ತಟ್ಟಿ ಗುಳ್ಳೆಗಳನ್ನು ಮೇಲಕ್ಕೆ ತಂದು, ಸೂಜಿ ಇನ್ನೂ ಬಾಟಲಿಯೊಳಗಿರುವಾಗಲೇ ಹೆಚ್ಚಿನದನ್ನು ಹಿಂದಕ್ಕೆ ತಳ್ಳುತ್ತಾ ಬೇಕಾದ ಗೆರೆಗೆ ಬಂದು ನಿಲ್ಲುತ್ತೇನೆ. ಗೆರೆಯನ್ನು ಯಾವಾಗಲೂ ಮೇಲಿನಿಂದ, ಅಂದರೆ ತಳ್ಳುತ್ತಾ ಬಂದೇ ಮುಟ್ಟುವುದು ಒಳ್ಳೆಯದು. ಒಮ್ಮೆ ಎಳೆದು ನಿಲ್ಲಿಸಿ ಇನ್ನೊಮ್ಮೆ ತಳ್ಳಿ ನಿಲ್ಲಿಸಿದರೆ ರಬ್ಬರು ಬಾಗುವ ಬಗೆ ಬೇರೆಯಾಗಿ ಅಳತೆಯೂ ಬದಲಾಗುತ್ತದೆ. ಓದುವುದು ರಬ್ಬರಿನ ಸೂಜಿಯ ಕಡೆಯ ಅಂಚನ್ನು, ಅದೂ ಕೊಳವೆಗೆ ತಾಗಿದ ಅಂಚನ್ನು. ಕೆಲವು ರಬ್ಬರುಗಳಿಗೆ ನಡುವೆ ಉಬ್ಬು ಇರುತ್ತದೆ, ಅದರ ತುದಿಯನ್ನು ನೋಡಬಾರದು.

ಬರಿಗಣ್ಣಿನ ಓದು ಅರ್ಧ ಯೂನಿಟ್ಟಿನವರೆಗೆ ಸಾಲುತ್ತದೆ. ಎರಡು ಗೆರೆಗಳ ನಡುವಿನ ಕಾಲು ಯೂನಿಟ್ಟಿಗೆ ನಾನು ಮೊದಲು ಬಣ್ಣದ ನೀರನ್ನು ನೆಚ್ಚಿಕೊಂಡೆ: ಅಡುಗೆಯ ಬಣ್ಣ ಬೆರೆಸಿದ ನೀರನ್ನು ಕೆಲವು ಸಿರಿಂಜುಗಳಲ್ಲಿ 0.5, 0.75, 1 ಎಂದು ಎಳೆದಿಟ್ಟುಕೊಂಡು, ಇನ್ಸುಲಿನ್ ಎಳೆದ ಸಿರಿಂಜನ್ನು ಅದರ ಪಕ್ಕ ಹಿಡಿದು ಹೋಲಿಸುವುದು. ಕೈ ಪಳಗಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ನಿತ್ಯದ ಬಳಕೆಗೆ ಮಾತ್ರ ನನಗೆ ಹಿಡಿಸಿದ್ದು ಡಿಜಿಟಲ್ ವರ್ನಿಯರ್ ಕ್ಯಾಲಿಪರ್. ಅದು ಮಿಲಿಮೀಟರಿನ ನೂರರಲ್ಲೊಂದು ಭಾಗ ತೋರಿಸುವುದರಿಂದ 0.35 ಮಿ.ಮೀ. ಅದಕ್ಕೆ ದೊಡ್ಡ ಅಂತರವೇ. ಪ್ಲಂಜರನ್ನು ಪೂರ್ತಿ ಒಳಗೆ ತಳ್ಳಿ, ಬೆರಳಿಡುವ ಬಿಲ್ಲೆಗೂ ಕೊಳವೆಯ ಅಂಚಿನ ರೆಕ್ಕೆಗೂ ನಡುವಿನ ಅಂತರವನ್ನು ಅಳೆದು ಕ್ಯಾಲಿಪರನ್ನು ಸೊನ್ನೆ ಮಾಡುತ್ತೇನೆ. ಇದನ್ನು ಪ್ರತಿ ಸಿರಿಂಜಿಗೂ ಹೊಸದಾಗಿ ಮಾಡಬೇಕು, ಏಕೆಂದರೆ ಒಂದೇ ಪೊಟ್ಟಣದ ಸಿರಿಂಜುಗಳಲ್ಲೂ ಸೊನ್ನೆಯ ಜಾಗ ತುಸು ಹಿಂದೆಮುಂದೆ ಇರುತ್ತದೆ. ಆಮೇಲೆ 0.75 ಯೂನಿಟ್ಟಿಗೆ 1.05 ಮಿ.ಮೀ. ಅಂತರ ಬರುವಲ್ಲಿಗೆ ಪ್ಲಂಜರನ್ನು ತಳ್ಳಿ ನಿಲ್ಲಿಸುವುದು. ಬಿಲ್ಲೆಯನ್ನು ಕ್ಯಾಲಿಪರಿನ ದವಡೆಯಿಂದ ಒತ್ತಿಬಿಟ್ಟರೆ ಇನ್ಸುಲಿನ್ ಹೊರಚಿಮ್ಮುತ್ತದೆ. ದವಡೆ ತಾಗಿಯೂ ತಾಗದಂತಿರಬೇಕು. ಈ ಕ್ರಮದಲ್ಲಿ ಅರ್ಧ ಯೂನಿಟ್ಟನ್ನು ಮತ್ತೆ ತೂಗಿದಾಗ ಹರಡಿಕೆ ಸುಮಾರು ಒಂದು ಮಿಲಿಗ್ರಾಮಿನೊಳಗೆ ಬಂತು. ಬೇರೆ ಕಂಪನಿಯ ಸಿರಿಂಜು ತಂದರೆ ಕೊಳವೆಯ ವ್ಯಾಸ ಬೇರೆಯಾಗಬಹುದಾದ್ದರಿಂದ 1.4ರ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಅದಕ್ಕಾಗಿಯೇ ನಾನು ಕಂಪನಿ ಬದಲಾಯಿಸುವುದಿಲ್ಲ.

ಇನ್ಸುಲಿನ್ ಚುಚ್ಚುವ ಪೆನ್ನು ಏಕೆ ಬೇಡ ಎಂದು ಹಲವರು ಕೇಳುತ್ತಾರೆ. ಸಾಮಾನ್ಯ ಪೆನ್ನು ಒಂದೊಂದು ಯೂನಿಟ್ಟಿನ ಹೆಜ್ಜೆಯದು. ನೊವೊಪೆನ್ ಎಕೋದಂಥ ಮಕ್ಕಳ ಪೆನ್ನುಗಳಲ್ಲಿ ಅರ್ಧ ಯೂನಿಟ್ ಇದೆ, ಆದರೆ ಆ ಪೆನ್ನಿಗೆ ಅದೇ ಕಂಪನಿಯ ಇನ್ಸುಲಿನ್ನೇ ಆಗಬೇಕು. ಪೆನ್ನಿನಲ್ಲಿ 0.75 ಎಂಬುದೇ ಇಲ್ಲ. ಚುಚ್ಚುವ ಮೊದಲು ಪ್ರತಿಸಲವೂ ಎರಡು ಯೂನಿಟ್ ಹೊರಗೆ ಬಿಟ್ಟು ಪರೀಕ್ಷಿಸಬೇಕೆಂಬ ನಿಯಮ ಬೇರೆ. ಬೆಕ್ಕಿಗೆ ಕೊಡುವುದಕ್ಕಿಂತ ಎರಡು ಪಟ್ಟು ಚೆಲ್ಲಿದಂತಾಯಿತು.

ಇನ್ನೊಂದು ಸಲಹೆಯನ್ನು ನಾನು ಖಡಾಖಂಡಿತವಾಗಿ ತಳ್ಳಿಹಾಕುತ್ತೇನೆ: ಇನ್ಸುಲಿನ್ನಿಗೆ ಸಲೈನ್ ಬೆರೆಸಿ ತೆಳುಮಾಡಿಕೊಂಡರೆ ಅಳೆಯುವುದು ಸುಲಭ ಎಂಬುದು. ಗ್ಲಾರ್ಜಿನ್ ಬಾಟಲಿಯಲ್ಲಿ ತಿಳಿಯಾಗಿರುವುದು ಅದರ ಪಿಎಚ್ ಸುಮಾರು 4 ಇರುವುದರಿಂದ. ಚರ್ಮದ ಕೆಳಗಿನ ತಟಸ್ಥ ಪಿಎಚ್ ಸಿಕ್ಕಾಗ ಅದು ಸಣ್ಣ ಕಣಗಳಾಗಿ ಕೂತು, ಆ ಕಣಗಳು ನಿಧಾನವಾಗಿ ಕರಗುವುದರಿಂದಲೇ ಔಷಧ ಹೊತ್ತು ಹಿಡಿದು ಕೆಲಸ ಮಾಡುತ್ತದೆ. ಸಲೈನ್ ಬೆರೆಸಿದರೆ ಈ ಏರ್ಪಾಡೇ ಕೆಡಬಹುದು. ಹಾಗೆಯೇ ಒಂದೇ ಸಿರಿಂಜನ್ನು ಮತ್ತೆ ಮತ್ತೆ ಬಳಸುವುದೂ ನನಗೆ ಒಪ್ಪಿಗೆಯಿಲ್ಲ. ಸೂಜಿ ಮೊಂಡಾಗುವುದು, ಕೊಳೆ ಸೇರುವುದು ಎಲ್ಲರಿಗೂ ಗೊತ್ತು. ಅಳತೆಯ ದೃಷ್ಟಿಯಿಂದ ನೋಡಿದರೆ ರಬ್ಬರಿನ ಜಾರಿಕೆ ಕಡಿಮೆಯಾಗಿ ಪ್ಲಂಜರ್ ತಡೆದು ತಡೆದು ಸರಿಯುತ್ತದೆ, ಹೆಬ್ಬೆರಳು ಉಜ್ಜಿ ಉಜ್ಜಿ ಗೆರೆಗಳೇ ಅಳಿಸಿಹೋಗುತ್ತವೆ.

ಸರಿಯಾಗಿ ಅಳೆದದ್ದು ಸರಿಯಾಗಿ ಒಳಗೆ ಹೋಗಬೇಕಲ್ಲ. ಕೆಂಚ ಬಟ್ಟಲಿಗೆ ಬಾಯಿ ಹಾಕಿ ತಿನ್ನಲು ತೊಡಗಿದ ಮೇಲೆಯೇ ನನ್ನ ಹೆಂಡತಿ ಪಕ್ಕೆಯ ಚರ್ಮವನ್ನು ಎತ್ತಿ ಹಿಡಿಯುತ್ತಾಳೆ, ನಾನು ಚುಚ್ಚಿ ಪ್ಲಂಜರನ್ನು ಕೊನೆಯವರೆಗೂ ತಳ್ಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಸೂಜಿ ತೆಗೆಯುತ್ತೇನೆ. ಬೇಗ ತೆಗೆದರೆ ತುದಿಯಲ್ಲೊಂದು ಹನಿ ಉಳಿದುಬಿಡುತ್ತದೆ, ಆ ಹನಿಯ ಬೆಲೆ ಎಷ್ಟೆಂದು ಮೊದಲೇ ಹೇಳಿದ್ದೇನೆ. ಆಮೇಲೆ ಚುಚ್ಚಿದ ಜಾಗದ ಕೂದಲನ್ನು ಮುಟ್ಟಿ ಮೂಸಿ ನೋಡುವುದು ನಮ್ಮ ಪದ್ಧತಿ. ಇನ್ಸುಲಿನ್ ಕೆಡದಂತೆ ಬೆರೆಸಿರುವ ಮೆಟಾಕ್ರೆಸಾಲಿಗೆ ಆಸ್ಪತ್ರೆಯ ವಾಸನೆಯಿದೆ. ಕೂದಲು ಒದ್ದೆಯಾಗಿ ಆ ವಾಸನೆ ಬಂದರೆ ಸೂಜಿ ಚರ್ಮದ ಇನ್ನೊಂದು ಬದಿಯಿಂದ ಹೊರಬಂದಿದೆ ಎಂದು ತಿಳಿಯಬೇಕು. ಆಗ ಎಷ್ಟು ಹೋಯಿತು, ಎಷ್ಟು ಚೆಲ್ಲಿತು ಎಂದು ಊಹಿಸಿ ಮತ್ತೆ ಚುಚ್ಚುವುದಿಲ್ಲ, ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ಹೊತ್ತಿಗೆ ಕಾಯುತ್ತೇವೆ. ಒಂದು ಹೊತ್ತಿನ ಇನ್ಸುಲಿನ್ ತಪ್ಪಿದರೆ ಸಕ್ಕರೆ ಏರುತ್ತದೆ, ಎರಡು ಪಾಲು ಹೋದರೆ ಜೀವವೇ ಹೋಗಬಹುದು.

ನಾವು ಊರಿಗೆ ಹೋಗುವಾಗ ನೋಡಿಕೊಳ್ಳುವುದು ನನ್ನ ತಂಗಿ. ಅವಳ ಕೈಗೆ ಕ್ಯಾಲಿಪರ್ ಕೊಟ್ಟರೆ ಗೊಂದಲವೇ ಹೆಚ್ಚು ಎಂದು ವೈದ್ಯರೊಡನೆ ಮಾತಾಡಿ ಬೇರೆ ಏರ್ಪಾಡು ಮಾಡಿದ್ದೇವೆ. ಅವಳು ನೋಡಿಕೊಳ್ಳುವ ದಿನಗಳಲ್ಲಿ ಡೋಸ್ 0.75 ಆಗಿದ್ದರೆ ಅದರ ಕೆಳಗಿನ ಅಚ್ಚಾದ ಗೆರೆಯಾದ 0.5ಕ್ಕೇ ನಿಲ್ಲಿಸಬೇಕು, ಚುಚ್ಚುವ ಮೊದಲು ಕಿವಿಯ ಅಂಚಿನಿಂದ ಹನಿ ರಕ್ತ ತೆಗೆದು ಸಕ್ಕರೆ ನೋಡಬೇಕು, ವೈದ್ಯರು ಬರೆದುಕೊಟ್ಟ ಅಂಕಿಗಿಂತ ಕಡಿಮೆಯಿದ್ದರೆ ಚುಚ್ಚದೆ ಫೋನ್ ಮಾಡಬೇಕು, ಬೆಕ್ಕು ತೂರಾಡಿದರೆ ಅಥವಾ ನಿತ್ರಾಣವಾಗಿ ಬಿದ್ದರೆ ವಸಡಿಗೆ ಜೇನುತುಪ್ಪ ಸವರಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಪಕ್ಕದಲ್ಲೇ ಬಣ್ಣದ ನೀರು ತುಂಬಿದ 0.5ರ ಸಿರಿಂಜೊಂದನ್ನು ಸೂಜಿ ಕತ್ತರಿಸಿ ಟೇಪಿನಿಂದ ಹಚ್ಚಿದ್ದೇನೆ. ನೀರು ಆರಿದರೂ ಪ್ಲಂಜರ್ ಇದ್ದ ಜಾಗದಲ್ಲೇ ಇರುವುದರಿಂದ ಅವಳು ಅದನ್ನೇ ನೋಡಿ ಹೋಲಿಸಿಕೊಳ್ಳುತ್ತಾಳೆ.