‘ಸೆಟ್’ ಅರ್ಥ ಹಿಡಿಯುವುದು ಹೇಗೆ?

ಹೋಟೆಲಿನಲ್ಲಿ ಸೆಟ್ ದೋಸೆ, ಒಡವೆ ಅಂಗಡಿಯಲ್ಲಿ ನೆಕ್ಲೆಸ್ ಸೆಟ್, ಮನೆಯಲ್ಲಿ ಟೀವಿ ಸೆಟ್. ಈ ಪದ ನಮಗೆ ಹೊಸದೇನಲ್ಲ. ಆದರೆ ಇಂಗ್ಲಿಷ್ ಪೇಪರ್ ಹಿಡಿದಾಗ ಇದೇ ಪದ ಸತಾಯಿಸುತ್ತದೆ. 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟು ಇದರ ಕ್ರಿಯಾಪದಕ್ಕೇ 430 ಅರ್ಥ ಕೊಟ್ಟಿತ್ತು. ಅಷ್ಟನ್ನೂ ಉರು ಹೊಡೆಯಬೇಕಿಲ್ಲ.

ಮೊದಲು, ಸೆಟ್‌ಗಿಂತ ಮುಂಚೆ ‘ಎ’ ಅಥವಾ ‘ದ’ ಇದೆಯೇ ನೋಡಿ. ಇದ್ದರೆ ಸಾಮಾನ್ಯವಾಗಿ ಅದು ನಾಮಪದ. ಒಟ್ಟಿಗೆ ಸೇರಿದ ವಸ್ತುಗಳು ಅಂದುಕೊಳ್ಳಿ. ಸೆಟ್ ದೋಸೆಯೂ ಎರಡೋ ಮೂರೋ ಜೊತೆಗೇ ಬರುತ್ತದೆ, ಅಲ್ವಾ? ಸಿನಿಮಾ ಸೆಟ್ ಮಾತ್ರ ಬೇರೆ. ಅದು ಕಟ್ಟಿ ನಿಲ್ಲಿಸಿದ್ದು.

ಕ್ರಿಯಾಪದವಾಗಿದ್ದರೆ ಆ ಜಾಗದಲ್ಲಿ ‘ಕೂರಿಸು’ ಹಾಕಿ ನೋಡಿ. ಸುಮ್ನೆ ಹೇಳುತ್ತಿಲ್ಲ. ಇಂಗ್ಲಿಷಿನಲ್ಲಿ ಸಿಟ್–ಸೆಟ್ ಒಂದೇ ಬಳಗದವು, ನಮ್ಮ ಕೂರು–ಕೂರಿಸು ಇದ್ದ ಹಾಗೆ. ಉಂಗುರಕ್ಕೆ ಹರಳು ಕೂರಿಸಿದರೂ ಸೆಟ್, ಮುರಿದ ಮೂಳೆ ಕೂರಿಸಿದರೂ ಸೆಟ್. ಹೊಂದದಿದ್ದರೆ ‘ಇಡು’ ಹಾಕಿ: ಅಲಾರಂ ಇಟ್ಟೆ. ಅದೂ ಆಗದಿದ್ದರೆ ‘ಗಟ್ಟಿಯಾಗು’: ಸಿಮೆಂಟ್, ಜೆಲ್ಲಿ, ಮೊಸರು. ಸೂರ್ಯ ಇದ್ದರೆ ಮುಳುಗಿಸಿಬಿಡಿ.

‘ಹಿ’, ‘ಶಿ’, ‘ಇಟ್’ ಜೊತೆ ಬಂದಾಗ ಕಾಲ ತಿಳಿಯಲು ಕೊನೆಯ ‘ಎಸ್’ ನೋಡಿ. ‘ಹಿ ಸೆಟ್ಸ್’ ಅಂದರೆ ಇಡುತ್ತಾನೆ. ಬರೀ ‘ಹಿ ಸೆಟ್’ ಅಂದರೆ ಆಗಲೇ ಇಟ್ಟಾಯಿತು.

ಜಾಸ್ತಿ ಎಡವುವುದು ಪಕ್ಕದಲ್ಲಿ ಬರುವ ಪುಟ್ಟ ಪದದಲ್ಲಿ. ಅನುವಾದ ಕಲಿಯುತ್ತಿದ್ದ ದಿನಗಳಲ್ಲಿ ‘ದ ಹೈಕೋರ್ಟ್ ಸೆಟ್ ಅಸೈಡ್ ದ ಆರ್ಡರ್’ ಅನ್ನುವುದನ್ನು ‘ಹೈಕೋರ್ಟ್ ಆದೇಶವನ್ನು ಪಕ್ಕಕ್ಕಿಟ್ಟಿತು’ ಅಂತ ಬರೆದು ನಗೆಪಾಟಲಾಗಿದ್ದೆ. ಕೋರ್ಟು ಹಾಗೆ ಮಾಡಿದರೆ ಆದೇಶ ರದ್ದು. ದುಡ್ಡನ್ನು ‘ಸೆಟ್ ಅಸೈಡ್’ ಮಾಡಿದರೆ ಮಾತ್ರ ಎತ್ತಿಡುವುದು. ‘ಸೆಟ್ ಆಫ್’ ಇನ್ನೂ ತಂಟೆಯದು. ಪ್ರಯಾಣಿಕರಾದರೆ ಹೊರಟರು, ಪಟಾಕಿಯಾದರೆ ಸಿಡಿಸಿದರು, ಆದಾಯ ತೆರಿಗೆಯ ಲೆಕ್ಕದಲ್ಲಾದರೆ ನಷ್ಟವನ್ನು ಲಾಭದಲ್ಲಿ ಕಳೆದರು. ಹಾಗಾಗಿ ಪುಟ್ಟ ಪದದ ಜೊತೆಗೆ ಯಾರು, ಏನನ್ನು ಅಂತಲೂ ಕೇಳಿಕೊಳ್ಳಿ. ‘ದ ರೈನ್ಸ್ ಹ್ಯಾವ್ ಸೆಟ್ ಇನ್’ ಬಂದರೆ ನಮ್ಮಲ್ಲಿ ಚೆಂದದ ಮಾತೇ ಇದೆ: ಮಳೆ ಹಿಡಿದುಕೊಂಡಿತು.

ಇನ್ನು ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಹುಷಾರು. ‘ನನಗೆ ಈ ಊರು ಸೆಟ್ ಆಗಲಿಲ್ಲ’ ಅನ್ನುವುದು ನಮ್ಮದೇ ಸೆಟ್. ಇಂಗ್ಲಿಷಿನಲ್ಲಿ ಅಲ್ಲಿಗೆ ‘ಸೂಟ್’ ಬೇಕು.