ಸೀರೆ ಕುಚ್ಚಿಗೆ ಮೊದಲು ಒಂದು ಚೌಕ

ನಾನು ಕ್ರೋಶಾ, ಅಂದರೆ ಕೊಕ್ಕೆ ಇರುವ ಕಡ್ಡಿಯಿಂದ ದಾರ ಹೆಣೆಯುವುದನ್ನು, ಕಲಿಯಲು ಹೊರಟಿದ್ದೇ ಸೀರೆಗೆ ಕುಚ್ಚು ಹಾಕಬೇಕು ಅಂತ. ನಮ್ಮ ಕಡೆ ಎಷ್ಟೋ ಹೆಂಗಸರು ಈ ಆಸೆಯಿಂದಲೇ ಕಡ್ಡಿ ಹಿಡಿಯುತ್ತಾರೆ. ಆದರೆ ನಾನು ಮೊದಲು ಹೆಣೆದಿದ್ದು ಹತ್ತಿ ದಾರದ ಒಂದು ಚೌಕ, ಅಂಗೈಗಿಂತ ಸ್ವಲ್ಪ ದೊಡ್ಡದು. ಈಗ ನನ್ನ ಹತ್ತಿರ ಕಲಿಯಲು ಬರುವವರಿಗೂ ಅದನ್ನೇ ಹೇಳುತ್ತೇನೆ.

ರೇಷ್ಮೆ ದಾರ ಜಾರುತ್ತದೆ. ಎಳೆಗಳು ಬಿಡಿಬಿಡಿಯಾಗುತ್ತವೆ. ಕಡ್ಡಿಯೂ ತೀರಾ ಸಣ್ಣದು, ಹೊಸಬರಿಗೆ ಕುಣಿಕೆ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಕೈಯಲ್ಲಿರುವುದು ಹೊಸ ಸೀರೆಯಾದರೆ ಹೆದರಿಕೆ ಬೇರೆ, ಅಲ್ವಾ? 8 ಪ್ಲೈ ಅನ್ನುವ ಮಧ್ಯಮ ದಪ್ಪದ ಹತ್ತಿ ದಾರಕ್ಕೆ 4 ಎಂಎಂ ಕಡ್ಡಿ ಹಿಡಿದರೆ ಒಂದೊಂದು ಹೆಣಿಗೆಯೂ ಎದ್ದು ಕಾಣುತ್ತದೆ. ಬಣ್ಣ ತೆಳುವಾಗಿರಲಿ. ಕಪ್ಪು, ಕಡುನೀಲಿ ಬೇಡ, ರಾತ್ರಿ ದೀಪದ ಬೆಳಕಿನಲ್ಲಿ ಹೆಣಿಗೆ ಎಣಿಸಲು ಆಗುವುದಿಲ್ಲ.

21 ಚೈನ್ (ಕುಣಿಕೆಯೊಳಗಿಂದ ದಾರ ಎಳೆದು ಮಾಡುವ ಸರಪಳಿ ಹೆಣಿಗೆ) ಹಾಕಿ, ಕಡ್ಡಿಯಿಂದ ಎರಡನೆಯ ಚೈನ್‌ನಲ್ಲಿ ಸಿಂಗಲ್ ಕ್ರೋಶಾ ಶುರು ಮಾಡಿ. ಅಂದರೆ ಕಡ್ಡಿ ತೂರಿಸಿ ದಾರ ಎಳೆದುಕೊಂಡು, ಮತ್ತೆ ದಾರ ಹಿಡಿದು ಕಡ್ಡಿಯ ಮೇಲಿನ ಎರಡೂ ಕುಣಿಕೆಯೊಳಗಿಂದ ಎಳೆಯುವುದು. ಸಾಲಿಗೆ 20 ಹೆಣಿಗೆ ಬರುತ್ತವೆ. ಸಾಲು ಮುಗಿದಾಗ ಒಂದು ಚೈನ್ ಹಾಕಿ ತಿರುಗಿಸಿ. ಪ್ರತಿ ಸಾಲನ್ನೂ ಎಣಿಸಿ, ಬೇಜಾರಾದರೂ ಎಣಿಸಿ. ಸಾಲಿನ ಕೊನೆಯ ಹೆಣಿಗೆ ಬಹಳ ಸುಲಭವಾಗಿ ಕೈತಪ್ಪುತ್ತದೆ. ಹಾಗೆ ತಪ್ಪುತ್ತಾ ಹೋದರೆ ಚೌಕ ತ್ರಿಕೋನವಾಗುತ್ತದೆ. ನಾನು ಸಾಲಿನ ಮೊದಲ ಹೆಣಿಗೆಗೂ ಕೊನೆಯ ಹೆಣಿಗೆಗೂ ಸೇಫ್ಟಿ ಪಿನ್ ಸಿಕ್ಕಿಸುತ್ತಿದ್ದೆ.

ಈ ಚೌಕ ಅಂಚು ಡೊಂಕಾದರೂ ಉಪಯೋಗಕ್ಕೆ ಬರುತ್ತದೆ. ಪಾತ್ರೆ ಒರೆಸಬಹುದು, ಲೋಟದ ಕೆಳಗೆ ಇಡಬಹುದು. ಮಡಚಿ ಬಿಸಿ ಪಾತ್ರೆಯ ಕೆಳಗೂ ಇಡಬಹುದು, ಆದರೆ ಹತ್ತಿಯದಾದರೆ ಮಾತ್ರ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಜಾಸ್ತಿ ಬಿಸಿ ತಾಗಿದರೆ ಅದು ಕರಗುತ್ತದೆ.

ಹೊಸಬರಿಗೆ ಮಫ್ಲರ್ ಒಳ್ಳೆಯದು ಅಂತ ಎಷ್ಟೋ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಂದೇ ಹೆಣಿಗೆ, ಮುಗಿಯುವುದೇ ಇಲ್ಲ, ಅರ್ಧಕ್ಕೇ ಬೇಸರ ಬಂದುಬಿಡುತ್ತದೆ. ನಮ್ಮ ಬಯಲುಸೀಮೆಯ ಬಿಸಿಲಿಗೆ ಅದನ್ನು ಹಾಕಿಕೊಳ್ಳುವವರಾದರೂ ಯಾರು?

ಮುಂದಿನ ಪ್ರತಿ ವಸ್ತುವಿನಲ್ಲೂ ಹೊಸದು ಒಂದೇ ಇರುವಂತೆ ನೋಡಿಕೊಂಡೆ. ಎರಡು ಚೌಕ ಸೇರಿಸಿ ಚಿಲ್ಲರೆ ಹಾಕುವ ಚೀಲ ಮಾಡಿದೆ, ಜೋಡಿಸುವುದು ಬಂತು. ಆಮೇಲೆ ಲೋಟದ ಕೆಳಗಿಡುವ ದುಂಡನೆಯ ಮ್ಯಾಟ್. ಇದರ ಲೆಕ್ಕ ನನಗೆ ತುಂಬಾ ಇಷ್ಟ. ಸಿಂಗಲ್ ಕ್ರೋಶಾದಲ್ಲಿ ಮೊದಲ ಸುತ್ತಿಗೆ 6 ಹೆಣಿಗೆ, ಮುಂದೆ 12, 18, 24. ಸುತ್ತಿಗೆ ಆರಾರು ಸಮನಾಗಿ ಹೆಚ್ಚಿಸಿದರೆ ಚಪ್ಪಟೆಯಾಗಿ ಕೂರುತ್ತದೆ. ಕಡಿಮೆ ಹೆಚ್ಚಿಸಿದರೆ ಬಟ್ಟಲಾಗುತ್ತದೆ, ಜಾಸ್ತಿಯಾದರೆ ಅಂಚು ನಿರಿಗೆ ಕಟ್ಟುತ್ತದೆ.

ಕುಚ್ಚಿಗೆ ಹತ್ತಿರ ಬಂದದ್ದು ಕರ್ಚೀಫಿನ ಅಂಚಿನಲ್ಲಿ. ಮಡಿಕೆ ಹೊಲಿಗೆಯ ಒಳಗೆ ಪೆನ್ಸಿಲಿನಿಂದ ಸಮ ದೂರಕ್ಕೆ ಗುರುತು ಹಾಕಿಕೊಂಡು, ದಪ್ಪ ಸೂಜಿಯಿಂದ ಚುಚ್ಚಿ, ಆ ತೂತಿನಲ್ಲಿ ಕಡ್ಡಿ ತೂರಿಸಿ ದಾರ ಎಳೆಯಬೇಕು. ನಡುವೆ ಚೈನ್, ಮುಂದಿನ ಸಾಲಿನಲ್ಲಿ ಕಮಾನು. ಅಂಚು ಸುರುಟಿಕೊಂಡರೆ ಚೈನ್ ಕಡಿಮೆಯಾಗಿದೆ ಅಂತ ಅರ್ಥ, ಒಂದು ಹೆಚ್ಚಿಸಿ. ರೇಷ್ಮೆ ದಾರವನ್ನು ನಾನು ಮೊದಲು ಹಾಕಿದ್ದೂ ಹಳೆಯ ದುಪಟ್ಟಾಕ್ಕೆ. ಸೀರೆ ಬೀರುವಿನಿಂದ ಹೊರಗೆ ಬಂದಿದ್ದು ಅದಾದ ಮೇಲೆಯೇ.